ಕಿವಿ ಮೇಲಿನ ಪೆನ್ಸಿಲ್

ಅಪ್ಪಾ,

ಕ್ಷಮೆ ಕೇಳೋಕೆ ಬರೀತಿಲ್ಲ. ನಾನು ಕಂಪ್ಯೂಟರ್ ತಂದ ದಿನ "ಈ ಡಬ್ಬ ಚಿತ್ರ ಬಿಡಿಸುತ್ತಾ?" ಅಂತ ನಮ್ಮ ಭಾವಚಿತ್ರದ ಸ್ಟುಡಿಯೋದಿಂದ ಎದ್ದು ಹೋದವರು ಮತ್ತೆ ಕಾಲಿಡಲೇ ಇಲ್ಲ. ಬಿಡಿಸುತ್ತೆ! ನೀವು ತೀರಿಕೊಂಡು ಇವತ್ತಿಗೆ ವರ್ಷ. ನಿಮ್ಮ ಫೋಟೋನೇ ಅದಕ್ಕೆ ಹಾಕಿ ಸ್ಕೆಚ್ ಮಾಡಿಸಿದೆ. ನೀವು ವಾರಗಟ್ಟಲೆ ತಿದ್ದುತ್ತಿದ್ದಂಥ ಮುಖ ಒಂದೇ ನಿಮಿಷಕ್ಕೆ ಬಂತು, ಹುಬ್ಬಿನ ಗಂಟಿನ ಸಮೇತ.

ಅಮ್ಮ ನೋಡಿ, "ಕಿವಿ ಮೇಲಿನ ಪೆನ್ಸಿಲ್ ಎಲ್ಲೇ? ಅದಿಲ್ದೆ ಯಾರೋ ಬೇರೆಯವರ ಥರ ಕಾಣ್ತಾರೆ" ಅಂದಳು. ಸಾಫ್ಟ್‌ವೇರ್ ಅದನ್ನ ಕೂದಲು ಅಂದ್ಕೊಂಡು ಗೀಚಿಬಿಟ್ಟಿತ್ತು. ನಿಮ್ಮ ಮೋಟು ಪೆನ್ಸಿಲ್ ಹುಡುಕಿ, ನಾಲ್ಕು ಸಲ ಅಳಿಸಿ, ಕೈಯಲ್ಲೇ ಬಿಡಿಸಿದೆ. ಅಷ್ಟಕ್ಕೇ ಗೆದ್ದೆ ಅಂತ ಬೀಗಬೇಡಿ. ಮುಖ ಪೂರ್ತಿ ಡಬ್ಬದ್ದೇ.

ಪೆನ್ಸಿಲ್ ಮಾತ್ರ ಸೊಟ್ಟಗಿದೆ. ತಿದ್ದಬೇಕಾದವರು ಎದ್ದು ಹೋದರೆ ಇನ್ನೇನಾಗುತ್ತೆ?