ಗಿರಿರಾಜನಿಗೆ ಊಟ ಮೈಗೆ ಹತ್ತದ ಕಾರಣ

ಕೆಂಗೇರಿ, ಬುಧವಾರ

ಅವ್ವ,

ಶಿಕ್ಷಕರ ತರಬೇತಿಗೆ ಸುಖವಾಗಿ ಬಂದು ಮುಟ್ಟಿದ್ದೇನೆ. ಅತ್ತಿಗುಪ್ಪೆಯಲ್ಲಿ ಇಳಿದುಕೊಂಡು ದಿನವೂ ಮೆಟ್ರೊದಲ್ಲಿ ಕೆಂಗೇರಿಗೆ ಬರುತ್ತೇನೆ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು.

ಇವತ್ತು ತರಬೇತಿಯಲ್ಲಿ ಇಲ್ಲಿಯ ಲ್ಯಾಬಿನ ಹುಡುಗಿ ವಚನಾ ಸೂಕ್ಷ್ಮದರ್ಶಕದಲ್ಲಿ ಲಿವರ್‌ನ ಜೀವಕೋಶಗಳನ್ನು ತೋರಿಸಿದಳು. ತಿಂದದ್ದನ್ನು ಕೂಡಿಡುವ ಜೀನ್ ಎಚ್ಚೆತ್ತರೆ ಅವು ಹಸಿರಾಗಿ ಹೊಳೆಯುವ ಹಾಗೆ ಮಾಡಿಟ್ಟಿದ್ದಾರೆ. ಬರೀ ಸಕ್ಕರೆ ಹಾಕಿದ ತಟ್ಟೆ ಮಂಕಾಗಿತ್ತು. ಬರೀ ಇನ್ಸುಲಿನ್ ಹಾಕಿದ್ದೂ ಮಂಕೇ. ಎರಡನ್ನೂ ಹಾಕಿದ್ದು ಮಾತ್ರ ನಾಟಿಯಾದ ಗದ್ದೆಯ ಹಾಗೆ ಹಸಿರಾಗಿತ್ತು.

“ಎರಡೂ ಸಿಗ್ನಲ್ ಒಟ್ಟಿಗೆ ಬಂದ್ರೇನೇ ಮೇಡಂ, ಜೀನ್ ಚೆನ್ನಾಗಿ ಆನ್ ಆಗೋದು. ಇನ್ಸುಲಿನ್ ಇಲ್ದಿದ್ರೆ ಎಷ್ಟ್ ತಿಂದ್ರೂ ಮೈಗೆ ಹತ್ತಲ್ಲ” ಅಂದಳು.

ತಮ್ಮ ಗಿರಿರಾಜ ಕಣ್ಣ ಮುಂದೆ ಬಂದ. ಒಲೆಯ ಪಕ್ಕ ಕೂತು, ರೊಟ್ಟಿಗೆ ಬೆಣ್ಣೆ ಸವರಿಸಿಕೊಂಡು, “ಇನ್ನೊಂದು ಹಾಕವ್ವ” ಅನ್ನುತ್ತಿದ್ದ. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಆದರೂ ದಿನೇ ದಿನೇ ಸೊರಗಿದ. ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಸಕ್ಕರೆ ಕಾಯಿಲೆಯೆಂದು ಆಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ತಡವಾಗಿತ್ತು. ಎಂಟನೇ ವಯಸ್ಸಿಗೇ ಹೋಗಿಬಿಟ್ಟ. ತಾಯಿ ಹೊಟ್ಟೆ ತುಂಬ ಹಾಕಲಿಲ್ಲವೆಂದು ಓಣಿಯವರು ಆಡಿದ ಮಾತನ್ನು ನಲವತ್ತು ವರ್ಷದಿಂದ ನೀನೂ ನಂಬಿಕೊಂಡಿದ್ದೀಯೆ.

ಅಲ್ಲೇ ಅತ್ತುಬಿಟ್ಟೆ. ಕಾರಣ ಕೇಳಿದ ವಚನಾ ನನ್ನ ಕೈ ಹಿಡಿದುಕೊಂಡು, “ಅಮ್ಮನ್ನ ಒಂದ್ಸಲ ಕರ್ಕೊಂಡ್ ಬನ್ನಿ ಮೇಡಂ, ಅವರಿಗೂ ತೋರಿಸ್ತೀನಿ” ಅಂದಳು. ಬರುತ್ತೀಯಾ?

ಬಿಪಿ ಮಾತ್ರೆ ತಪ್ಪಿಸಬೇಡ. ಭಾನುವಾರ ಸಂಜೆಗೆ ಊರಲ್ಲಿರುತ್ತೇನೆ. ಬರೆಯಲು ಜಾಗವಿಲ್ಲ. ನೀನು ಹಾಕಿದ್ದು ಕಡಿಮೆಯಾಗಿರಲಿಲ್ಲ, ಅವ್ವ.

ನಿನ್ನ ಮಗಳು,
ನೀಲಾ