ಹತ್ತು ವರ್ಷ ಹಳೆಯದಾದ ಹಾಡು

ಮಧುಗಿರಿ, 9 ಮಾರ್ಚ್ 2025, ಬೆಳಿಗ್ಗೆ

ಲ್ಯಾಪ್‌ಟಾಪ್ ಮತ್ತೆ ತಾನಾಗಿಯೇ ಆಫ್. ವಿಪರೀತ ಬಿಸಿ. ಫ್ಯಾನಿನ ಧೂಳು ಊದಿ ತೆಗೆದೆ. ಲಿನಕ್ಸ್ ಎದ್ದಿತು, ತಾರೀಖು ಮಾತ್ರ 2015ರ ಜನವರಿ ಒಂದು. ಗಡಿಯಾರ ನಡೆಸುವ ಒಳಗಿನ ಪುಟ್ಟ ಸೆಲ್ ಸತ್ತಿದೆ. ಇಂಟರ್ನೆಟ್ ಸಿಕ್ಕರೆ ತಾನೇ ಸರಿಹೋಗುತ್ತದೆ. ಹೊಸ ಸೆಲ್... ನಾಳೆ ನೋಡಿದರಾಯಿತು.

11 ಮಾರ್ಚ್

ಕ್ಯಾತಗಾನಚೆರ್ಲಿಗೆ ಹೋಗಿಬಂದೆ. ನಾಳೆ ರಂಗಕ್ಕನ ಕುರಿಗಳ ಮಾರಾಟ. ಮೇಯುತ್ತಿದ್ದ ಬಯಲಿನಲ್ಲೀಗ ಸೋಲಾರ್ ಪ್ಯಾನಲ್. ಮಗ ಸುನಿಲ್‌ಕುಮಾರ್ ಅಲ್ಲೇ ವಾಚ್‌ಮನ್. ನನ್ನ ಹಳೆಯ ವಿದ್ಯಾರ್ಥಿ. ಅವ್ವನ ಹಾಡು ರೆಕಾರ್ಡ್ ಮಾಡಿಕೊಡಿ ಎಂದು ಕರೆದವನು ಅವನೇ. ದಿನವೂ ಸಂಜೆ ರಂಗಕ್ಕ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ಹೆಸರು ಹಿಡಿದು ಹಾಡುತ್ತಾಳೆ. ಹೆಸರು ಬಂದದ್ದು ಒಳಗೆ ನಡೆಯುತ್ತದೆ.

ಮೊದಲು ಫೋನಿನಲ್ಲಿ ಅರ್ಧ ನಿಮಿಷ ಹಿಡಿದು ದನಿ ನೋಡಿದೆ. ಆಮೇಲೆ ಲ್ಯಾಪ್‌ಟಾಪಿಗೆ ಮೈಕ್.

"ಅವ್ವಾ, ಮೈಕ್ ನೋಡ್ಕಂಡ್ ಹಾಡು."

"ಸುಮ್ಕಿರ್ಲಾ. ಕರುದ್ರೆ ಮೈಕ್ ಬತ್ತದಾ?"

ಅಲ್ಲಿ ನೆಟ್‌ವರ್ಕ್ ಇಲ್ಲ. ಪರದೆಯ ಮೂಲೆಯಲ್ಲಿ 2015. ಕಂಡೆ. ಒಂದು ಸಾಲು ಟೈಪ್ ಮಾಡಿದ್ದರೆ ಸರಿಹೋಗುತ್ತಿತ್ತು. ಹಾಡಿಗೆ ತಾರೀಖು ಯಾಕೆ ಅನ್ನಿಸಿತು. ಕೊನೆಯ ಹೆಸರನ್ನು ಎರಡು ಸಲ ಹಾಡಿದಳು.

12 ಮಾರ್ಚ್

ಬಸ್‌ಸ್ಟ್ಯಾಂಡಿನ ವಾಚ್ ಅಂಗಡಿಯಲ್ಲಿ ಸೆಲ್ ಸಿಕ್ಕಿತು. ಹಾಕಿದೆ. ವೈಫೈ ಹಿಡಿದ ಕೂಡಲೇ ತಾರೀಖು ಸರಿ. ತೃಪ್ತಿಯಿಂದ ಮಲಗುತ್ತಿದ್ದೇನೆ.

13 ಮಾರ್ಚ್

ಫೋಲ್ಡರ್ ಖಾಲಿ.

ಡಿಸ್ಕಿನಲ್ಲಿ ಜಾಗ ಸಾಲದೆಂದು ಎಂದೋ ನಾನೇ ಬರೆದಿಟ್ಟ ಆಜ್ಞೆ — ತಿಂಗಳಿಗಿಂತ ಹಳೆಯ ರೆಕಾರ್ಡಿಂಗನ್ನು ಪ್ರತಿ ಬೆಳಿಗ್ಗೆ ಅಳಿಸು. ಮೊನ್ನೆಯ ಹಾಡಿನ ಮೇಲೆ 2015ರ ತಾರೀಖು ಬಿದ್ದಿತ್ತು. ಗಡಿಯಾರ ಸರಿಹೋದದ್ದೇ, ಅದು ಹತ್ತು ವರ್ಷ ಹಳೆಯದಾಯಿತು. ಹೇಳಿದ್ದನ್ನು ಕಂಪ್ಯೂಟರ್ ಮಾಡಿದೆ. ಮೊದಲು ಕಾಪಿ, ಆಮೇಲೆ ರಿಪೇರಿ — ಪಾಲಿಟೆಕ್ನಿಕ್ಕಿನಲ್ಲಿ ಪ್ರತಿ ಬ್ಯಾಚಿಗೂ ಹೇಳುತ್ತೇನೆ.

19 ಮಾರ್ಚ್

ಅಳಿಸಿದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಂಗಳನ್ನೆಲ್ಲ ಓಡಿಸಿ ನೋಡಿದೆ. ಸಿಕ್ಕ ಚೂರುಗಳಲ್ಲಿ ಬರೀ ಗರಗರ.

ಸುನಿಲನ ಫೋನ್. ನಿಜ ಹೇಳಲಿಲ್ಲ. ಅವ್ವ ಇನ್ನೊಮ್ಮೆ ಹಾಡುತ್ತಾರಾ, ಸುಮ್ಮನೆ ಕೇಳು ಎಂದೆ. ಹಿಂದಿನಿಂದ ಅವಳ ದನಿ: "ಖಾಲಿ ರೊಪ್ಪದಾಗ್ ಹಾಡುದ್ರೆ ಬರೋರ್ಯಾರು? ಮೇಷ್ಟ್ರು ಬತ್ತಾರಂತಾ?" ನಕ್ಕಳು. ನಾನೂ ನಕ್ಕೆ.

30 ಮಾರ್ಚ್, ಸಂಜೆ

ಹೋದೆ. ಹೊಸ್ತಿಲ ಹೊರಗೇ ಸುನಿಲನಿಗೆ ನಿಜ ಹೇಳಿದೆ. ಅವನು ಪ್ಯಾನಲ್‌ಗಳ ಕಡೆ ತಿರುಗಿದ. "ಅವ್ವಂಗ್ ನೀವೇ ಹೇಳಿ ಸಾರ್. ನನ್ ಕೈಲಾಗಕಿಲ್ಲ."

ರಂಗಕ್ಕ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು ಕೂತಿದ್ದಳು. ಹೇಳುವ ಬದಲು ಫೋನಿನಲ್ಲಿದ್ದ ಅರ್ಧ ನಿಮಿಷ ಹಾಕಿ ಅವಳ ಕೈಗಿತ್ತೆ. ಗಂಟೆ, ಗೊರಸು, ಒಂದು ಕುರಿಯ ಕೂಗು.

"ಇದು ಮೊಂಡುಗಿವಿ ಕಣ್ಲಾ ಸುನೀಲ. ಹಿಂದ್ಗಡೆ ಕೆಂಚಿ... ಯಾವಾಗ್ಲೂ ಅರ್ಚೋಳೇ."

ಫೋನಿನೊಳಗೆ ಅವಳದೇ ದನಿ — "ಸುರು ಮಾಡ್ಲಾ ಮೇಷ್ಟ್ರೇ?" ಅಷ್ಟೇ.

ರಂಗಕ್ಕ ಕಿವಿಗೆ ಹಿಡಿದ ಫೋನನ್ನು ತೆಗೆಯಲಿಲ್ಲ. ಕಾದಳು. ಆಮೇಲೆ ನನ್ನ ಕಡೆ ತಿರುಗಿ,

"ಹೂಂ, ಮುಂದ್ಕೆ ಬುಡಿ" ಎಂದಳು. ನಾನು ಫೋನ್ ಈಸಿಕೊಂಡು ಅದೇ ಅರ್ಧ ನಿಮಿಷವನ್ನು ಮತ್ತೆ ಮೊದಲಿನಿಂದ ಹಾಕಿದೆ.