ಅಕ್ಕಿ ಡಬ್ಬದೊಳಗಿನ ಜರ್ಮನ್ ರಾಣಿಯರು

14 ನವೆಂಬರ್ 2014, ಶುಕ್ರವಾರ. ನ್ಯೂಕ್ಯಾಸಲ್, ಆಸ್ಟ್ರೇಲಿಯಾ.

ಅಗ್ನಿಸಾಕ್ಷಿಯಾಗಿ ಕೈಹಿಡಿದ ಹೆಂಡತಿಯ ಲೈಬ್ರರಿ ಪುಸ್ತಕವನ್ನು ಇಂದು ಆಫೀಸಿನಿಂದ ಬಂದ ಕೂಡಲೇ ಕದ್ದು, ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ.

ಪುಸ್ತಕ ಜರ್ಮನ್ ರಾಜಕುಮಾರಿಯರದು. ರಷ್ಯಾಕ್ಕೆ ಸೊಸೆಯಾಗಿ ಹೋದ ಸೋಫಿ, ಹೆಸರು ಬದಲಿಸಿಕೊಂಡು ಕ್ಯಾಥರೀನ್ ಆಗಿ, ಗಂಡನನ್ನೇ ಸಿಂಹಾಸನದಿಂದ ಇಳಿಸುವ ಅಧ್ಯಾಯವನ್ನು ವೈಜಯಂತಿ ವಾರವಿಡೀ ಓದುತ್ತಿದ್ದಾಳೆ. ನಡುನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಾಳೆ.

ರಾತ್ರಿ ಅಕ್ಕಿ ತೆಗೆಯಲು ಹೋದವಳ ಕೈಗೆ ಪುಸ್ತಕ ಸಿಕ್ಕಿತು.

"ಹೆದರಿಕೆನಾ?" ಎಂದಳು.

"ನನಗಾ? ಆ ರಾಣಿಯರ ತವರಿನ ಹೆಸರೆಲ್ಲ ನನಗೆ ಬಾಯಿಪಾಠ ಕಣೇ. ಅಲೆಕ್ಸಾಂಡ್ರಾ ಮೊದಲು ಅಲಿಕ್ಸ್..."

ಅವಳು ತಟ್ಟೆಗೆ ಅಕ್ಕಿ ಹರಡಿ ನನ್ನ ಮುಂದಿಟ್ಟಳು. "ಮದುವೆ ದಿನ ಹೀಗೇ ಅಕ್ಕಿ ಮೇಲೆ ಉಂಗುರದಲ್ಲಿ ನನಗೆ ಹೊಸ ಹೆಸರು ಬರೆದ್ರಲ್ಲ. ಈಗ ಹಳೇದು ಬರೀರಿ. ಬೆಳಿಗ್ಗೆವರೆಗೂ ಟೈಮಿದೆ. ಆಗ್ದಿದ್ರೆ ಅಮ್ಮನ ಮನೆಗೆ ಟಿಕೆಟ್ ಬುಕ್ ಮಾಡ್ತೀನಿ."

ನಗುತ್ತಾಳೆಂದು ಕಾದೆ. ನಗಲಿಲ್ಲ. ರೂಮಿನಲ್ಲಿ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಈಗಷ್ಟೇ ಕೇಳಿತು.

ವೈಜಯಂತಿ ಎಂದು ಗೆಲುವಿನ ಹೆಸರಿಟ್ಟವನು ನಾನೇ. ಸೋಲಿಗೆ ಯಾರನ್ನು ದೂರಲಿ? ಊರಲ್ಲಿ ಈಗ ಹಗಲು. ಬಾಲ್ಕನಿಗೆ ಹೋಗಿ ಅತ್ತೆಗೆ ಫೋನ್ ಮಾಡಿ, ಮಗಳನ್ನು ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದಿರಿ ಎಂದು ಉಪಾಯವಾಗಿ ಕೇಳಿದೆ.

"ಪುಟ್ಟೀ ಅಂತಿದ್ವಿ. ಯಾಕೆ ಅಳಿಯಂದಿರೇ?"

ತಟ್ಟೆಯಲ್ಲಿ 'ಸು' ಎಂದು ಬರೆದು ಅಳಿಸಿದೆ. 'ಶೋ' ಎಂದು ಬರೆದೆ, ಅದನ್ನೂ ಅಳಿಸಿದೆ. ಜರ್ಮನಿಯ ಹೆಸರೆಲ್ಲ ನಾಲಿಗೆಯ ಮೇಲಿವೆ. ಪಕ್ಕದ ರೂಮಿನವಳ ಹೆಸರಿನ ಮೊದಲ ಅಕ್ಷರವೂ ನನಗೆ ನೆನಪಿಲ್ಲ.